ನಿವೃತ್ತ ಪೊಲೀಸರ ಸೊಂಟದಲ್ಲಿ ಪಿಸ್ತೂಲು ಇರಬೇಕಾ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದಿಂದ ಡೆಲಾವೇರ್ ನದಿ ದಾಟಿದರೆ ನ್ಯೂಜೆರ್ಸಿ ರಾಜ್ಯ. ಸೇತುವೆ ದಾಟಲು ಕೆಲವೇ ನಿಮಿಷ ಸಾಕು. ಅಷ್ಟರಲ್ಲಿ ಬಂದೂಕಿನ ಕಾನೂನು ಪೂರ್ತಿ ಬದಲಾಗಿರುತ್ತದೆ. ಪೆನ್ಸಿಲ್ವೇನಿಯಾ ಕೊಟ್ಟ ಲೈಸೆನ್ಸನ್ನು ನ್ಯೂಜೆರ್ಸಿ ಒಪ್ಪುವುದಿಲ್ಲ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಕೂಡ ಬೇರೆ ರಾಜ್ಯದ ಲೈಸೆನ್ಸಿಗೆ ಬೆಲೆ ಕೊಡುವುದಿಲ್ಲ. ಅದೇ ದೇಶದಲ್ಲಿ, 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಬಟ್ಟೆಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಲೈಸೆನ್ಸೇ ಬೇಡ.

ಈ ಗೋಜಲಿನಿಂದ ಒಂದು ಗುಂಪನ್ನು ಅಮೆರಿಕ ಹೊರಗಿಟ್ಟಿದೆ. 2004ರ ಜುಲೈ 22ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ಒಂದು ಕೇಂದ್ರ ಕಾನೂನಿಗೆ ಸಹಿ ಹಾಕಿದರು. ಅದರ ಹೆಸರು 'ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್ಸ್ ಸೇಫ್ಟಿ ಆಕ್ಟ್', ಪೊಲೀಸರು ಚಿಕ್ಕದಾಗಿ 'ಲಿಯೋಸಾ' ಎನ್ನುತ್ತಾರೆ. ಕೆಲಸದಲ್ಲಿರುವ ಪೊಲೀಸರು, ಕಳಂಕವಿಲ್ಲದೆ ಕೆಲಸ ಬಿಟ್ಟ ಪೊಲೀಸರು, ಇಬ್ಬರೂ ಯಾವ ರಾಜ್ಯಕ್ಕೆ ಹೋದರೂ ಪಿಸ್ತೂಲು ಜೊತೆಗಿಟ್ಟುಕೊಳ್ಳಬಹುದು ಎನ್ನುತ್ತದೆ ಅದು. ನಿವೃತ್ತರ ಕೈಯಲ್ಲಿ ಹಳೆಯ ಇಲಾಖೆಯ ಫೋಟೋ ಐಡಿ ಇರಬೇಕು. ಕಳೆದ 12 ತಿಂಗಳ ಒಳಗೆ ಗುರಿ ಪರೀಕ್ಷೆ ಪಾಸು ಮಾಡಿರಬೇಕು, ಅದೂ ಸ್ವಂತ ಖರ್ಚಿನಲ್ಲಿ. ಮೊದಲು 15 ವರ್ಷ ಸೇವೆ ಆಗಿರಬೇಕಿತ್ತು. 2010ರ ತಿದ್ದುಪಡಿ ಅದನ್ನು 10ಕ್ಕೆ ಇಳಿಸಿತು. ಕುಡಿದಿರುವಾಗ ಈ ಹಕ್ಕು ಇಲ್ಲ. ಮೆಷಿನ್ ಗನ್, ಸೈಲೆನ್ಸರ್ ಇದರಲ್ಲಿ ಸೇರಿಲ್ಲ.

ಇದು ಸರಿಯಾ? ಪರವಾಗಿ ಒಬ್ಬರು, ವಿರೋಧವಾಗಿ ಇನ್ನೊಬ್ಬರು ಬರೆದಿದ್ದಾರೆ.

ಪರ: ಸಮವಸ್ತ್ರ ಕಳಚಿದರೂ ವೈರ ಕಳಚುವುದಿಲ್ಲ

25 ವರ್ಷ ಡಿಟೆಕ್ಟಿವ್ ಆಗಿದ್ದವರೊಬ್ಬರನ್ನು ನೆನೆಸಿಕೊಳ್ಳಿ. ಎಷ್ಟು ಜನರ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳಿರುತ್ತಾರೆ! ಅವರಲ್ಲಿ ಕೆಲವರಿಗೆ 10 ವರ್ಷ, ಕೆಲವರಿಗೆ 20 ವರ್ಷ ಜೈಲು. ಆ ಜನ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಅಷ್ಟರಲ್ಲಿ ಈ ಡಿಟೆಕ್ಟಿವ್ ನಿವೃತ್ತಿಯಾಗಿ, ಮಗಳ ಮನೆ ಹತ್ತಿರ ಇರೋಣ ಅಂತ ಬೇರೆ ರಾಜ್ಯಕ್ಕೆ ಬಂದಿರುತ್ತಾರೆ. ಮೊಮ್ಮಗುವನ್ನು ಕರೆದುಕೊಂಡು ಅಂಗಡಿಗೆ ಹೋದಾಗ ಯಾರೋ ಒಬ್ಬ ಹತ್ತಿರ ಬಂದು 'ನನ್ನ ನೆನಪಿದೆಯಾ?' ಎಂದು ಕೇಳಬಹುದು. ಆ ಮಾತಿನ ಭಯ ಪೊಲೀಸ್ ಮನೆಯಲ್ಲಿ ಬೆಳೆದವರಿಗೆ ಗೊತ್ತು. ಅಮೆರಿಕದಲ್ಲಾಗಲಿ, ದಾವಣಗೆರೆಯಲ್ಲಾಗಲಿ, ಆ ಭಯ ಒಂದೇ.

ಕೆಲಸದಲ್ಲಿರುವಾಗ ಅವರ ಹಿಂದೆ ಒಂದು ಇಲಾಖೆ ಇತ್ತು. ವೈರ್‌ಲೆಸ್ ಇತ್ತು, ಜೊತೆಗಾರ ಇದ್ದ. ಪಿಂಚಣಿ ಶುರುವಾದ ದಿನ ಅದೆಲ್ಲ ಹೋಯಿತು. ವೈರ ಮಾತ್ರ ಉಳಿಯಿತು. ಸರ್ಕಾರದ ಕೆಲಸ ಮಾಡಿ ಕಟ್ಟಿಕೊಂಡ ವೈರ ಅದು, ಸ್ವಂತ ಜಗಳವಲ್ಲ. ಹಾಗಿದ್ದ ಮೇಲೆ ರಾಜ್ಯದ ಗಡಿ ದಾಟಿದ ಕೂಡಲೇ ಅವರನ್ನು ಬರಿಗೈ ಮಾಡುವುದು ನ್ಯಾಯವೇ?

2004ರಲ್ಲಿ ಈ ಕಾನೂನು ಬರುವ ಮುಂಚೆ ಆಗುತ್ತಿದ್ದದ್ದು ಅದೇ. ಇಲಿನಾಯ್ ರಾಜ್ಯದಲ್ಲಿ ಸಾಮಾನ್ಯ ಜನ ಪಿಸ್ತೂಲು ಮರೆಯಲ್ಲಿಟ್ಟು ಓಡಾಡಲು ಪರವಾನಗಿ ಕೊಡುವ ವ್ಯವಸ್ಥೆ 2013ರವರೆಗೂ ಇರಲಿಲ್ಲ. ಪಕ್ಕದ ರಾಜ್ಯದ ನಿವೃತ್ತ ಪೊಲೀಸ್ ಷಿಕಾಗೋದ ಮದುವೆಗೆ ಹೊರಟರೆ ಪಿಸ್ತೂಲು ಮನೆಯಲ್ಲಿಡಬೇಕು, ಇಲ್ಲವೇ ಅಪರಾಧಿಯಾಗಬೇಕು.

ಕಾನೂನು ಬಂದ ಮೇಲೂ ಕೆಲವು ರಾಜ್ಯಗಳು ಸುಮ್ನೆ ಒಪ್ಪಲಿಲ್ಲ. ನ್ಯೂಜೆರ್ಸಿ ತನ್ನಲ್ಲಿ ವಾಸಿಸುವ ನಿವೃತ್ತ ಪೊಲೀಸರು ತನ್ನದೇ ಪರವಾನಗಿ ತೆಗೆದುಕೊಳ್ಳಬೇಕು ಎಂದಿತು. ವರ್ಷಕ್ಕೆ ಎರಡು ಸಲ ಗುರಿ ಪರೀಕ್ಷೆ, 75 ವರ್ಷ ದಾಟಿದರೆ ಪರವಾನಗಿಯೇ ಇಲ್ಲ. ಮೇಲಿಂದ ಹಾಲೋ ಪಾಯಿಂಟ್ ಗುಂಡಿಗೂ ನಿರ್ಬಂಧ. ಆ ಗುಂಡು ದೇಹದೊಳಗೆ ಅರಳಿ ಅಲ್ಲೇ ನಿಲ್ಲುತ್ತದೆ, ಹಿಂದೆ ನಿಂತವರನ್ನು ಹಾಯುವ ಅಪಾಯ ಕಡಿಮೆ. ಪೊಲೀಸರು ಅದನ್ನು ಬಳಸುವುದೇ ಆ ಕಾರಣಕ್ಕೆ. ವರ್ಷಗಟ್ಟಲೆ ಇಲಾಖೆಯೇ ಕೊಟ್ಟ ಗುಂಡು ನಿವೃತ್ತಿಯ ಮಾರನೇ ದಿನ ಹೇಗೆ ಅಪರಾಧವಾಗುತ್ತದೆ? 2024ರ ಫೆಬ್ರವರಿಯಲ್ಲಿ ಮೂರನೇ ಸರ್ಕಿಟ್‌ನ (ನ್ಯೂಜೆರ್ಸಿ ಸೇರಿರುವ ವಲಯದ) ಕೇಂದ್ರ ಮೇಲ್ಮನವಿ ಕೋರ್ಟು ಇದನ್ನು ಇತ್ಯರ್ಥ ಮಾಡಿತು. ಕೇಂದ್ರ ಕಾನೂನಿನ ಷರತ್ತು ಪೂರೈಸಿದವರಿಗೆ ರಾಜ್ಯದ ಪರವಾನಗಿ ಬೇಕಿಲ್ಲ, ಗುಂಡಿನ ನಿರ್ಬಂಧವೂ ತಾಗದು ಎಂದಿತು.

ಇನ್ನು ಊರಿಗೆ ಆಗುವ ಉಪಯೋಗ. 2022ರ ಮೇ 14ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಒಂದು ಸೂಪರ್ ಮಾರ್ಕೆಟ್‌ಗೆ 18 ವರ್ಷದ ಹುಡುಗ ರೈಫಲ್ ಹಿಡಿದು ನುಗ್ಗಿದ. ಕಪ್ಪು ಜನರನ್ನು ಕೊಲ್ಲಬೇಕೆಂದೇ ಬಂದಿದ್ದ. ಎದುರು ನಿಂತದ್ದು ಆರನ್ ಸಾಲ್ಟರ್. ಸುಮಾರು 30 ವರ್ಷ ಬಫಲೋ ಪೊಲೀಸ್ ಆಗಿದ್ದು ನಿವೃತ್ತರಾಗಿ, ಅಲ್ಲಿ ಸೆಕ್ಯೂರಿಟಿ ಕೆಲಸದಲ್ಲಿದ್ದರು. ಓಡಿಹೋಗಲಿಲ್ಲ, ಗುಂಡು ಹಾರಿಸಿದರು. ಗುಂಡು ಆ ಹುಡುಗನಿಗೆ ತಾಗಿತು, ಆದರೆ ಅವನು ತೊಟ್ಟಿದ್ದ ರಕ್ಷಾಕವಚ ತಡೆಯಿತು. ಸಾಲ್ಟರ್ ಸೇರಿ 10 ಮಂದಿ ಸತ್ತರು. ಅವರು ಕೊಲೆಗಾರನನ್ನು ತಡೆದು ನಿಲ್ಲಿಸಿದ ಆ ಕೆಲವು ಕ್ಷಣದಲ್ಲಿ ಜನ ತಪ್ಪಿಸಿಕೊಂಡರು. ಅವರು ಅಲ್ಲಿ ಕೆಲಸದ ಮೇಲೆ ಇದ್ದರು, ನಿಜ. ಆದರೆ ಕೈ ನಡುಗದೆ ಎದುರು ನಿಲ್ಲುವ ಆ ಮನಸ್ಸು ಎಲ್ಲಿಂದ ಬಂತು? 30 ವರ್ಷದ ಪೊಲೀಸ್ ಕೆಲಸದಿಂದ. ಅಂಥ ಮನಸ್ಸಿನವರು ಬಸ್ಸಿನಲ್ಲಿ, ಚರ್ಚಿನಲ್ಲಿ, ಮಾಲ್‌ನಲ್ಲಿ ನಮ್ಮ ಪಕ್ಕದಲ್ಲಿ ಕೂತಿರುವುದು ಒಳ್ಳೆಯದಲ್ವಾ? ಸರ್ಕಾರಕ್ಕೆ ಒಂದು ಪೈಸೆ ಖರ್ಚೂ ಇಲ್ಲ.

ಯಾವ ತರಬೇತಿಯೂ ಇಲ್ಲದ ಯಾರು ಬೇಕಾದರೂ 29 ರಾಜ್ಯಗಳಲ್ಲಿ ಪಿಸ್ತೂಲು ಹೊರಬಹುದು. ಪ್ರತಿ ವರ್ಷ ರೇಂಜಿಗೆ ಹೋಗಿ ಗುರಿ ತೋರಿಸಿ ಬರುವ ನಿವೃತ್ತ ಪೊಲೀಸರನ್ನು ಕಂಡು ಉಳಿದ ರಾಜ್ಯಗಳು ಹೆದರುವುದು ನನಗೆ ಅರ್ಥವಾಗುವುದಿಲ್ಲ.

ವಿರೋಧ: ನಿನ್ನೆಯ ಸೇವೆ ಇವತ್ತಿನ ಆರೋಗ್ಯಕ್ಕೆ ಸಾಕ್ಷಿಯಲ್ಲ

ವೈರದ ಮಾತನ್ನು ನಾನೂ ಒಪ್ಪುತ್ತೇನೆ. ಅದು ಸಣ್ಣ ಭಯವಲ್ಲ. ಆದರೆ ಬೆದರಿಕೆ ಇರುವವರಿಗೆ ಮಾತ್ರ ಅಂತ ಈ ಕಾನೂನು ಎಲ್ಲಿ ಹೇಳಿದೆ? ಹತ್ತು ವರ್ಷ ಸೇವೆ, ಒಂದು ಐಡಿ, ವರ್ಷಕ್ಕೊಂದು ಗುರಿ ಪರೀಕ್ಷೆ. ಇಷ್ಟಿದ್ದರೆ ಸಾಯುವವರೆಗೆ ಎಲ್ಲ ರಾಜ್ಯಗಳಲ್ಲೂ ಹಕ್ಕು. ವಯಸ್ಸಿನ ಮಿತಿ ಇಲ್ಲ.

ಇದರ ದೊಡ್ಡ ತೂತು ಮನಸ್ಸಿನ ಆರೋಗ್ಯದ ವಿಷಯದಲ್ಲಿದೆ. ಇಲಾಖೆಯ ವೈದ್ಯರು 'ಮಾನಸಿಕ ಕಾರಣದಿಂದ ಇವರು ಅರ್ಹರಲ್ಲ' ಎಂದು ಬರೆದಿರಬಾರದು. ಕಾನೂನು ಮುಖ್ಯವಾಗಿ ಕೇಳುವುದು ಅಷ್ಟನ್ನೇ. ಅಂದರೆ ನೋಡುವುದು ಕೆಲಸ ಬಿಟ್ಟ ಹೊತ್ತಿನ ಕಾಗದವನ್ನು. ಅದಾಗಿ ಹೆಂಡತಿ ಸತ್ತಿರಬಹುದು, ಕುಡಿತ ಹತ್ತಿರಬಹುದು, ಮರೆವು ಶುರುವಾಗಿರಬಹುದು. ಯಾರೂ ಕೇಳುವುದಿಲ್ಲ. ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆದರೆ ಆಯಿತು. ಕೈ ನೆಟ್ಟಗಿದೆ ಅಂದ ಮಾತ್ರಕ್ಕೆ ಸಿಟ್ಟು ಹಿಡಿತದಲ್ಲಿದೆ ಅಂತಲ್ಲ.

ಸಿಟ್ಟಿನ ಮಾತು ಸುಮ್ನೆ ಎತ್ತಿದ್ದಲ್ಲ. 2014ರ ಜನವರಿಯಲ್ಲಿ ಫ್ಲಾರಿಡಾದ ಒಂದು ಸಿನಿಮಾ ಮಂದಿರದಲ್ಲಿ 71 ವರ್ಷದ ನಿವೃತ್ತ ಪೊಲೀಸ್ ಕ್ಯಾಪ್ಟನ್ ಒಬ್ಬರು ಮುಂದಿನ ಸಾಲಿನವನ ಜೊತೆ ಜಗಳಕ್ಕೆ ಬಿದ್ದರು. ಕಾರಣ, ಆತ ಫೋನಿನಲ್ಲಿ ಮೆಸೇಜ್ ಮಾಡುತ್ತಿದ್ದ. ಮಾತಿಗೆ ಮಾತು ಬೆಳೆಯಿತು. ಆತ ಪಾಪ್‌ಕಾರ್ನ್ ಎಸೆದ. ಇವರು ಪಿಸ್ತೂಲು ತೆಗೆದು ಹೊಡೆದರು. ಒಂದು ಚಿಕ್ಕ ಮಗುವಿನ ಅಪ್ಪ ಸತ್ತ. ಜೀವಭಯದಿಂದ ಹೊಡೆದೆ ಎಂದರು. 2022ರಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಅವತ್ತು ಅವರ ಹತ್ತಿರ ಪಿಸ್ತೂಲು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಇಬ್ಬರೂ ಗೊಣಗಿಕೊಂಡು ಮನೆಗೆ ಹೋಗುತ್ತಿದ್ದರು.

2023ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಟ್ರಾಬುಕೋ ಕ್ಯಾನ್ಯನ್‌ನಲ್ಲಿ ನಡೆದದ್ದು ಇನ್ನೂ ಘೋರ. ನಿವೃತ್ತ ಸಾರ್ಜೆಂಟ್ ಒಬ್ಬ ದೂರವಾಗಿದ್ದ ಹೆಂಡತಿಯನ್ನು ಹುಡುಕಿಕೊಂಡು ಬಾರಿಗೆ ಹೋಗಿ ಗುಂಡು ಹಾರಿಸಿದ. ಮೂವರು ಸತ್ತರು, ಆರು ಮಂದಿಗೆ ಗಾಯ. ಕೊಲ್ಲಲೆಂದೇ ಹೊರಟವನನ್ನು ಯಾವ ಪರವಾನಗಿ ನಿಯಮವೂ ತಡೆಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ 'ಪೊಲೀಸ್ ಆಗಿದ್ದವರು ತಾನೇ, ನಂಬಬಹುದು' ಎನ್ನುವ ಒಂದೇ ಮಾತಿನ ಮೇಲೆ ಈ ಕಾನೂನು ನಿಂತಿದೆ. ಆ ಮಾತು ಎಲ್ಲರಿಗೂ ಸಲ್ಲುವುದಿಲ್ಲ.

ಪರವಾಗಿ ಬರೆದವರು ಸಾಲ್ಟರ್ ಅವರ ಹೆಸರು ಹೇಳಿದರು. ಅವರ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಅವರು ಅಲ್ಲಿ ಕಾವಲಿಗೆ ಇದ್ದರು, ಅಂಗಡಿಯವರಿಗೆಲ್ಲ ಅವರ ಪರಿಚಯ ಇತ್ತು. ಪರವೂರಿನಲ್ಲಿ, ಮಾಮೂಲಿ ಬಟ್ಟೆಯಲ್ಲಿ, ಪಿಸ್ತೂಲು ಹಿಡಿದು ನಿಂತವರ ಕತೆ ಬೇರೆ. ಓಡಿ ಬರುವ ಪೊಲೀಸರಿಗೆ ಇವರು ಯಾರು ಅಂತ ಹೇಗೆ ಗೊತ್ತಾಗಬೇಕು? 2009ರ ಮೇ 28ರಂದು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಓಮಾರ್ ಎಡ್ವರ್ಡ್ಸ್ ಎಂಬ ಯುವ ಪೊಲೀಸ್ ಡ್ಯೂಟಿ ಮುಗಿಸಿ ಹೊರಟಿದ್ದರು. ತಮ್ಮ ಕಾರಿಗೆ ಕೈ ಹಾಕಿದವನನ್ನು ಪಿಸ್ತೂಲು ಹಿಡಿದು ಅಟ್ಟಿಸಿಕೊಂಡು ಹೋದರು. ಅದೇ ಇಲಾಖೆಯ ಇನ್ನೊಬ್ಬ ಪೊಲೀಸ್ ಅವರನ್ನು ಕಳ್ಳನೆಂದು ತಿಳಿದು ಗುಂಡು ಹಾರಿಸಿದರು. ಎಡ್ವರ್ಡ್ಸ್ ಸತ್ತರು. ಅವರು ಕಪ್ಪು ಜನಾಂಗದವರು ಎನ್ನುವುದನ್ನು ಇಲ್ಲಿ ಹೇಳದೆ ಇರಲಾಗದು. ಒಂದೇ ಊರು, ಒಂದೇ ಇಲಾಖೆ, ಇನ್ನೂ ಕೆಲಸದಲ್ಲಿದ್ದವರಿಗೇ ಹೀಗಾದರೆ, ಸಾವಿರ ಮೈಲಿ ಆಚೆಯಿಂದ ಬಂದ ನಿವೃತ್ತರ ಗತಿ ಏನು?

ಅವರ ಜೇಬಿನಲ್ಲಿರುವ ಕಾರ್ಡಾದರೂ ಒಂದೇ ಥರ ಇದೆಯಾ? ಇಲ್ಲ. ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಇಲಾಖೆಗಳಿವೆ. ಒಬ್ಬೊಬ್ಬರ ಕಾರ್ಡು ಒಂದೊಂದು ಥರ. ರಾತ್ರಿ ಹೊತ್ತು ರಸ್ತೆಯಲ್ಲಿ ಕಾರು ನಿಲ್ಲಿಸಿದ ಟ್ರೂಪರ್ (ರಾಜ್ಯ ಪೊಲೀಸ್) ಅದು ಅಸಲಿಯೋ ನಕಲಿಯೋ ಅಂತ ಏನು ನೋಡಿ ಹೇಳಬೇಕು? ಇನ್ನೊಂದು ಅನ್ಯಾಯ ನಿವೃತ್ತರಿಗೇ ಆಗಿದೆ. ಇಲಾಖೆ ಐಡಿ ಕೊಡಲು ಒಪ್ಪದಿದ್ದರೆ ಈ ಕಾನೂನಿನ ಬಲದಿಂದ ಕೊಡಿಸಲಾಗದು ಎಂದು 2019ರಲ್ಲಿ ಹನ್ನೊಂದನೇ ಸರ್ಕಿಟ್ ಕೋರ್ಟು ಹೇಳಿತು. ಅಂದರೆ ಒಳ್ಳೆಯ ಅಧಿಕಾರಿಗೂ ಹಕ್ಕು ಸಿಗದೆ ಹೋಗಬಹುದು.

ನನಗೆ ಜಾಸ್ತಿ ಬೇಸರ ತರುವುದು ಸಾಮಾನ್ಯ ಜನರ ಪಾಡು. 2013ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ತಾಯಿ ಅದೇ ಗಡಿ ದಾಟಿ ನ್ಯೂಜೆರ್ಸಿಗೆ ಬಂದರು. ಅವರ ಬಳಿ ತಮ್ಮ ರಾಜ್ಯದ ಲೈಸೆನ್ಸ್ ಇತ್ತು. ಪೊಲೀಸರು ಕಾರು ನಿಲ್ಲಿಸಿದಾಗ ಪಿಸ್ತೂಲು ಇದೆ ಎಂದು ತಾವೇ ಹೇಳಿದರು. ಬಂಧನವಾಯಿತು, ವರ್ಷಗಟ್ಟಲೆ ಜೈಲಿನ ಭಯದಲ್ಲಿ ಬದುಕಿದರು. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಅದೇ ರಸ್ತೆಯಲ್ಲಿ ನಿವೃತ್ತ ಪೊಲೀಸ್ ಒಬ್ಬರು ಅದೇ ಪಿಸ್ತೂಲಿನ ಜೊತೆ ಸಿಕ್ಕಿದ್ದರೆ ಶುಭವಾಗಲಿ ಎಂದು ಕಳಿಸುತ್ತಿದ್ದರು. ನಿವೃತ್ತರಿಗೆ ಬಂಧಿಸುವ ಅಧಿಕಾರ ಇಲ್ಲ. ಈ ಕಾನೂನೂ ಅದನ್ನು ಕೊಡುವುದಿಲ್ಲ. ಹಾಗಾದರೆ ಅವರೂ ಆ ತಾಯಿಯ ಹಾಗೆ ನಾಗರಿಕರೇ ಅಲ್ವಾ?

ನಮ್ಮ ಕರ್ನಾಟಕದಲ್ಲಿ ಸಬ್‌ಇನ್‌ಸ್ಪೆಕ್ಟರ್ ನಿವೃತ್ತರಾದ ದಿನ ಇಲಾಖೆಯ ರಿವಾಲ್ವರ್ ಒಪ್ಪಿಸಿ ಬರುತ್ತಾರೆ. ಆಮೇಲೆ ಬೇಕೆಂದರೆ ಎಲ್ಲರ ಹಾಗೆ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಚುನಾವಣೆ ಬಂದರೆ ಎಲ್ಲರ ಹಾಗೆ ಠಾಣೆಗೆ ಒಪ್ಪಿಸಬೇಕಾದೀತು. ಬಂದೂಕು ಕಡಿಮೆ ಇರುವ ನಾಡಿನ ನಿಯಮ ಅಮೆರಿಕಕ್ಕೆ ಹಾಗೇ ಹೊಂದುವುದಿಲ್ಲ, ಒಪ್ಪುತ್ತೇನೆ.

ಆದರೂ ಈಗ ಅಲ್ಲಿ ಓಡುತ್ತಿರುವ ದಿಕ್ಕು ಉಲ್ಟಾ. ಈ ಹಕ್ಕನ್ನು ಶಾಲೆಗಳ ಸುತ್ತಲಿನ ವಲಯಕ್ಕೂ ಹಿಗ್ಗಿಸುವ ತಿದ್ದುಪಡಿಯನ್ನು 2025ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಒಪ್ಪಿತು. ಗುರಿ ಪರೀಕ್ಷೆಯನ್ನು ವರ್ಷಕ್ಕೊಮ್ಮೆಗಿಂತ ವಿರಳ ಮಾಡಲು ಕೂಡ ಅದರಲ್ಲಿ ದಾರಿ ಇದೆ. ಬೇಕಾಗಿರುವುದು ಇನ್ನೊಂದು. ನ್ಯೂಜೆರ್ಸಿ ಬರೆದುಕೊಂಡಿದ್ದ ವಯಸ್ಸಿನ ಮಿತಿ, ವರ್ಷಕ್ಕೆ ಎರಡು ಪರೀಕ್ಷೆ, ಜೊತೆಗೆ ಒಬ್ಬ ವೈದ್ಯರ ಸಹಿ. ಕೋರ್ಟು ಅಳಿಸಿದ್ದು ರಾಜ್ಯದ ಕಾನೂನನ್ನು. ಅದೇ ಸಾಲುಗಳನ್ನು ಕೇಂದ್ರದ ಕಾನೂನಿಗೇ ಸೇರಿಸಲು ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಯಾರ ಅಡ್ಡಿಯೂ ಇಲ್ಲ.