ಉಣುಗು ಹರಡುವ ದನಗಳ ರೋಗಕ್ಕೆ ಒಂದೇ ಹಳೆಯ ತಳಿಯ ಲಸಿಕೆ ಇನ್ನೂ ಸಾಕೇ?

ಪರ

1910ರ ಸುಮಾರಿಗೆ ದಕ್ಷಿಣ ಆಫ್ರಿಕಾದ ಪಶುವೈದ್ಯ ಆರ್ನಾಲ್ಡ್ ಥೈಲರ್ ದನಗಳ ಕೆಂಪು ರಕ್ತಕಣಗಳಲ್ಲಿ ಎರಡು ಬಗೆಯ ಚುಕ್ಕೆಗಳನ್ನು ಗುರುತಿಸಿದರು. ಎರಡೂ ಬ್ಯಾಕ್ಟೀರಿಯಾಗಳೇ: ಕಣದ ಅಂಚಿನಲ್ಲಿ ಕೂರುವುದು ಅನಾಪ್ಲಾಸ್ಮಾ ಮಾರ್ಜಿನೇಲ್, ನಡುವೆ ಕೂರುವುದು ಅನಾಪ್ಲಾಸ್ಮಾ ಸೆಂಟ್ರೇಲ್. ಉಣುಗು ಹರಡುವ ಮೊದಲನೆಯದು ಬೆಳೆದ ದನವನ್ನು ರಕ್ತಹೀನತೆಯಿಂದ, ಕಾಮಾಲೆಯಿಂದ ಕೊಲ್ಲಬಲ್ಲದು. ಎರಡನೆಯದು ಸಾಮಾನ್ಯವಾಗಿ ಸೌಮ್ಯ. ಸೌಮ್ಯವಾದದ್ದನ್ನು ಮುಂಚೆಯೇ ಮೈಗೆ ಹೊಗಿಸಿದರೆ ಉಗ್ರವಾದದ್ದರ ಹೊಡೆತ ತಗ್ಗುತ್ತದೆ ಎಂದು ಥೈಲರ್ ಕಂಡುಕೊಂಡರು. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಸ್ರೇಲ್‌ಗಳಲ್ಲಿ ಆ ಜೀವಂತ ಲಸಿಕೆ ಇಂದಿಗೂ ಬಳಕೆಯಲ್ಲಿದೆ.

ಮಾರ್ಜಿನೇಲ್‌ನ ತಳಿಗಳು ನೂರಾರಿರುವಾಗ ಒಂದು ಲಸಿಕೆ ಏನು ಮಾಡೀತು ಎಂದು ಕೇಳುವವರಿಗೆ ನನ್ನ ಉತ್ತರ ಇದು: ಈ ಬ್ಯಾಕ್ಟೀರಿಯಾ ಒಂದೇ ದನದ ಮೈಯೊಳಗಿದ್ದರೂ ತನ್ನ ಹೊರಹೊದಿಕೆಯ ಪ್ರೋಟೀನನ್ನು ಮತ್ತೆ ಮತ್ತೆ ಬದಲಿಸುತ್ತದೆ. ಅದಕ್ಕಾಗಿ ಜೀನ್‌ಗಳ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತದೆ. ಒಂದೇ ಪ್ರೋಟೀನಿನಿಂದ ಕಟ್ಟಿದ ಲಸಿಕೆ ಇಂತಹ ವೇಷಗಾರನ ಮುಂದೆ ನಿಲ್ಲುವುದು ಕಷ್ಟ. ಸೆಂಟ್ರೇಲ್ ಸ್ವತಃ ಬದುಕಿರುತ್ತದೆ, ವೇಷ ಬದಲಿಸುತ್ತದೆ, ದನದ ಮೈಗೆ ದಿನವೂ ಹೊಸ ಪಾಠ ಕಲಿಸುತ್ತದೆ. ಕರುವಿಗೆ ಒಮ್ಮೆ ಹಾಕಿದರೆ ರಕ್ಷಣೆ ವರ್ಷಗಟ್ಟಲೆ ಉಳಿಯುತ್ತದೆ. ದನವನ್ನೇ ನಂಬಿದ ಮನೆಗೆ ಇದಕ್ಕಿಂತ ಹತ್ತಿರದ ನೆರವು ನನಗೆ ಕಾಣುತ್ತಿಲ್ಲ.

ವಿರೋಧ

ಈ ಲಸಿಕೆ ಜೀವ ಉಳಿಸಿದೆ, ಒಪ್ಪುತ್ತೇನೆ. ಆದರೆ ಅದು ಸೋಂಕನ್ನು ತಡೆಯುವುದಿಲ್ಲ, ಕಾಯಿಲೆಯ ಉಗ್ರತೆಯನ್ನಷ್ಟೇ ತಗ್ಗಿಸುತ್ತದೆ. ಲಸಿಕೆ ಪಡೆದ ಹಸುವಿನ ರಕ್ತದಲ್ಲೂ ಮಾರ್ಜಿನೇಲ್ ನೆಲೆಸಬಹುದು, ಉಣುಗು ಅದನ್ನು ಮುಂದಿನ ಹಸುವಿಗೆ ಒಯ್ಯಬಹುದು. ಹೊದಿಕೆಯ ಜೀನ್‌ಗಳು ಸಾಕಷ್ಟು ಬೇರೆಯಾಗಿದ್ದರೆ, ಈಗಾಗಲೇ ಒಂದು ತಳಿ ಇರುವ ದನಕ್ಕೆ ಇನ್ನೊಂದು ತಳಿಯೂ ಹೊಕ್ಕುತ್ತದೆ.

ಕಾಡಿನ ಕಡೆಗೂ ನೋಡಬೇಕು. ಆಫ್ರಿಕಾದ ಕಾಡೆಮ್ಮೆಗಳು ಕಾಯಿಲೆಯ ಸುಳಿವೇ ತೋರದೆ ಈ ಬ್ಯಾಕ್ಟೀರಿಯಾಗಳನ್ನು ಹೊತ್ತಿರುತ್ತವೆ. ಬೇಲಿಯ ಆಚೆಗೂ ಈಚೆಗೂ ಓಡಾಡುವ ಉಣುಗಿಗೆ ಮೀಸಲು ಅರಣ್ಯದ ಗಡಿ ಗೊತ್ತಿಲ್ಲ. ಅಲ್ಲಿನ ತಳಿಗಳನ್ನು ಓದದೆ ಹಟ್ಟಿಯೊಳಗಿನ ಲಸಿಕೆಯನ್ನಷ್ಟೇ ಹೊಗಳುವುದು ನನಗೆ ಸರಿಕಾಣುವುದಿಲ್ಲ.

ಲಸಿಕೆ ತಯಾರಾಗುವ ಬಗೆಯೇ ದೊಡ್ಡ ಆತಂಕ. ಅದು ಬರುವುದು ಸೋಂಕಿತ ಕರುವಿನ ರಕ್ತದಿಂದ. 1986ರಲ್ಲಿ ಆಸ್ಟ್ರೇಲಿಯಾದಲ್ಲಿ ಹೀಗೆಯೇ ತಯಾರಿಸಿದ ಉಣುಗು ಜ್ವರದ ಲಸಿಕೆಗೆ ದನಗಳ ರಕ್ತಕ್ಯಾನ್ಸರಿಗೆ ಕಾರಣವಾಗುವ ವೈರಸ್ ಬೆರೆತು, ಲಸಿಕೆ ಪಡೆದ ದನಗಳಿಗೂ ಹರಡಿತು. ಕಾಪಾಡಲೆಂದು ಚುಚ್ಚಿದ ಸೂಜಿಯೇ ರೋಗವನ್ನು ಹೊತ್ತು ತಂದಿತು! ಬೆಳೆದ ಹಸುಗಳಲ್ಲಿ ಸೌಮ್ಯವೆನ್ನುವ ಸೆಂಟ್ರೇಲ್ ಕೂಡ ಕೆಲವೊಮ್ಮೆ ಉಗ್ರವಾಗುತ್ತದೆ.

ಇನ್ನೂ ಒಂದು ಮಾತಿದೆ. ಪ್ರತಿಕಾಯ ಹುಡುಕುವ ಸಾಮಾನ್ಯ ಪರೀಕ್ಷೆ ಲಸಿಕೆ ಪಡೆದ ಹಸುವನ್ನೂ ಕಾಯಿಲೆ ತಗಲಿದ ಹಸುವನ್ನೂ ಒಂದೇ ಎಂದು ತೋರಿಸುತ್ತದೆ. ಹಿಂಡಿನಲ್ಲಿ ಯಾವ ತಳಿ ಸುಳಿದಾಡುತ್ತಿದೆ ಎಂದು ತಿಳಿಯಬೇಕಾದರೆ ರಕ್ತದಿಂದ ಡಿಎನ್‌ಎ ತೆಗೆದು ಓದಲೇಬೇಕು. ಅದು ಆಗುವವರೆಗೆ, ಲಸಿಕೆ ಹಾಕಿದ ಹಿಂಡಿನಲ್ಲಿ ರೋಗ ಅಡಗಿದೆಯೋ ಇಲ್ಲವೋ ಎಂದು ಸಾಕುವವನಿಗೆ ಯಾರೂ ಖಚಿತವಾಗಿ ಹೇಳಲಾರರು.