ಹೊಸ ನಾಯಿ ತಳಿ ಕಟ್ಟಬೇಕೇ? ಪರ–ವಿರೋಧ

ಪರ: ಲೆಕ್ಕವಿಟ್ಟು ಕಟ್ಟುವವರಿಗೆ ಅಡ್ಡಿಯೇಕೆ?

ಎರಡು ತಳಿಯ ನಾಯಿಗಳನ್ನು ಕೂಡಿಸಿ, ಎರಡರ ಹೆಸರನ್ನೂ ಬೆಸೆದು ಮರಿಗಳಿಗೆ ಅಂಟಿಸಿದರೆ ಹೊಸ ತಳಿ ಹುಟ್ಟುವುದಿಲ್ಲ. ಅದು ಬರೀ ಒಂದು ಮಿಶ್ರ ಸೂಲು. ಮರಿ ತಾಯ್ತಂದೆಯನ್ನು ಹೋಲಬೇಕು, ಆ ಮರಿಯ ಮರಿಯೂ ಹೋಲಬೇಕು, ಅದೂ ಮೈಬಣ್ಣದಲ್ಲಷ್ಟೇ ಅಲ್ಲ, ನಡವಳಿಕೆಯಲ್ಲಿ. ಇದಕ್ಕೆ ಆರೇಳು ತಲೆಮಾರಾದರೂ ಹಿಡಿಯುತ್ತದೆ. ಹೆಣ್ಣಿಗೆ ಎರಡು ವರ್ಷ ತುಂಬಿ, ಪರೀಕ್ಷೆಗಳು ಮುಗಿದ ಮೇಲೆ ಮೊದಲ ಸೂಲು ಎಂದಿಟ್ಟುಕೊಂಡರೆ ತಲೆಮಾರಿಗೆ ಮೂರು ವರ್ಷ, ಒಟ್ಟು ಇಪ್ಪತ್ತು. ಅಷ್ಟು ತಾಳ್ಮೆಯಿಲ್ಲದವರು ಕೈ ಹಾಕಬಾರದು ಎಂಬ ಮಾತನ್ನು ವಿರೋಧಿಸುವವರಿಗಿಂತ ಮೊದಲು ನಾವೇ ಹೇಳುತ್ತೇವೆ.

ಆದರೆ ಕೈ ಹಾಕಿ ಗೆದ್ದವರಿದ್ದಾರೆ. ಜರ್ಮನಿಯ ವೈನ್‌ಹೈಮ್‌ನಲ್ಲಿ ಯೂಲಿಯುಸ್ ವಿಪ್ಫೆಲ್ 1960ರಲ್ಲಿ ಚೌ ಚೌ ಮತ್ತು ವುಲ್ಫ್‌ಸ್ಪಿಟ್ಸ್ ಕೂಡಿಸಿ ಕೆಲಸ ಶುರು ಮಾಡಿದರು. ಮುಂದೆ ಸಮೊಯೆಡ್ ರಕ್ತವೂ ಸೇರಿತು. 1973ರಲ್ಲಿ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಅದಕ್ಕೆ ಯುರೇಸಿಯರ್ ಎಂಬ ಹೆಸರಿನಲ್ಲಿ ಮಾನ್ಯತೆ ಕೊಟ್ಟಿತು.

ಮೊದಲು ಬೇಕಾಗಿರುವುದು ನಾಯಿಯಲ್ಲ, ಒಂದು ಹಾಳೆ. ಈ ನಾಯಿ ಮಾಡಬೇಕಾದ ಕೆಲಸವೇನು, ಈಗಿರುವ ಯಾವ ತಳಿಯೂ ಅದನ್ನು ಯಾಕೆ ಮಾಡುತ್ತಿಲ್ಲ, ಎತ್ತರ ಎಷ್ಟು, ತೂಕ ಎಷ್ಟು, ಕೂದಲು ಎಂಥದ್ದು ಎಂದು ಬರೆಯಬೇಕು. ಎಷ್ಟೇ ಚಂದವಿದ್ದರೂ ಯಾವ ದೋಷವಿರುವ ನಾಯಿಯಿಂದ ಮರಿ ತೆಗೆಯುವುದಿಲ್ಲ ಎಂಬುದೂ ಅದರಲ್ಲೇ ಇರಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಹಾಳೆ ಹರಿದು ಹಾಕಿ ಸುಮ್ಮನಿರುವುದು ಒಳ್ಳೆಯದು.

ಇನ್ನು ಮೂಲ ನಾಯಿಗಳು. ಎಫ್‌ಸಿಐ ಹೊಸ ತಳಿಗೆ ಕೇಳುವುದು ಕನಿಷ್ಠ 8 ವಂಶಗಳನ್ನು. ಒಂದೊಂದರಲ್ಲೂ ಕನಿಷ್ಠ 2 ಗಂಡು, 6 ಹೆಣ್ಣು. ಈ ಹಟ ಯಾಕೆಂದರೆ, ಕಣ್ಣಿಗೆ ಕಾಣುವ ತಲೆಗಳ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ನಾಯಿಗಳಿಂದ ಭಾಗಿಸಿದರೆ ಸಿಗುವುದೇ ರಕ್ತದ ಲೆಕ್ಕ, ಅಂದರೆ ತಳಿ ನಿಜಕ್ಕೂ ಎಷ್ಟು ನಾಯಿಗಳ ರಕ್ತದ ಮೇಲೆ ನಿಂತಿದೆ ಎಂಬುದು. 10 ಗಂಡು, 20 ಹೆಣ್ಣು ಇದ್ದರೆ ಸುಮಾರು 27 ಬರುತ್ತದೆ. 2 ಗಂಡು, 28 ಹೆಣ್ಣು ಇದ್ದರೆ ಬರುವುದು ಏಳೂವರೆ! ಎರಡೂ ಕಡೆ ಮೂವತ್ತೇ ನಾಯಿ. ಆದರೆ ಎರಡನೆಯ ಗುಂಪಿನಲ್ಲಿ ತಲೆಮಾರಿಗೆ ಶೇ 6.7ರಂತೆ ರಕ್ತ ಹತ್ತಿರವಾಗುತ್ತಾ, ಎರಡೇ ತಲೆಮಾರಿನಲ್ಲಿ ಇಡೀ ತಳಿ ಒಂದೇ ತಂದೆಯ, ಬೇರೆ ತಾಯಂದಿರ ಅಣ್ಣತಂಗಿಯನ್ನು ಕೂಡಿಸಿದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಪ್ರದರ್ಶನದಲ್ಲಿ ಗೆದ್ದ ಒಂದೇ ಗಂಡಿಗೆ ಎಲ್ಲರೂ ಮುಗಿಬೀಳದಂತೆ ಮಿತಿ ಹಾಕಲೇಬೇಕು. ವಂಶಾವಳಿ ಪುಸ್ತಕವನ್ನೂ ಬೇಗ ಮುಚ್ಚಬಾರದು; ಹೊರರಕ್ತಕ್ಕೆ ಬಾಗಿಲು ತೆರೆದಿರಲಿ. ಹಳೆಯ ತಳಿಗಳು ಕೆಟ್ಟದ್ದು ಆ ಬಾಗಿಲು ಮುಚ್ಚಿಕೊಂಡಿದ್ದರಿಂದ. ಹೊಸದಾಗಿ ಕಟ್ಟುವವರಿಗೆ ಆ ತಪ್ಪು ಮೊದಲೇ ಗೊತ್ತಿರುತ್ತದೆ.

ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್-ರೇ, ಕಣ್ಣು, ಹೃದಯ, ಡಿಎನ್‌ಎ ಪರೀಕ್ಷೆ ಎಲ್ಲ ನಾಯಿಗಳಿಗೂ ಆಗಬೇಕು. ಸಾಕಲು ಕೊಟ್ಟ ಮರಿಗಳಿಗೂ. ಸ್ವಭಾವವನ್ನು ಏಳನೇ ವಾರದಲ್ಲಿ ನೋಡಿ ತೀರ್ಮಾನಿಸುವ ಚಾಳಿ ಬೇಡ. ಒಂದೂವರೆ ವರ್ಷಕ್ಕೆ ಮತ್ತೆ ನೋಡಿದರೆ ಅದೇ ಮರಿ ಬೇರೆಯೇ ನಾಯಿಯಾಗಿರಬಹುದು.

ಪ್ರಚಾರದ ಮಾತು. ತಳಿ ನೆಲೆಗೊಳ್ಳುವವರೆಗೆ ಅದನ್ನು ತಳಿ ಎನ್ನದೆ ಪ್ರಯೋಗ ಎಂದೇ ಕರೆಯಬೇಕು. ಕೆಟ್ಟ ಸೊಂಟದ ಫಲಿತಾಂಶವನ್ನೂ ಒಳ್ಳೆಯದರ ಪಕ್ಕದಲ್ಲೇ ಪ್ರಕಟಿಸಬೇಕು. ಮರಿ ಬೇಕೆನ್ನುವವರ ಪಟ್ಟಿ ಮೊದಲು, ಹೆಣ್ಣು ಬೆದೆಗೆ ಬಂದಾಗ ಕೂಡಿಸುವುದು ಆಮೇಲೆ. ಎಂಟು ವಾರಕ್ಕೆ ಮೊದಲು ಮರಿ ಕೊಡಬಾರದು. ಯಾವ ವಯಸ್ಸಿನಲ್ಲಿ ಬೇಡವೆಂದರೂ ನಾವೇ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಷರತ್ತು ಕರಾರಿನಲ್ಲಿರಬೇಕು. ‘ಅಲರ್ಜಿ ಆಗದ ನಾಯಿ’ ಎಂಬ ಜಾಹೀರಾತು ಸುಳ್ಳು. ಅಲರ್ಜಿ ತರುವ ಪ್ರೋಟೀನುಗಳು ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ, ಉಚ್ಚೆಯಲ್ಲಿ ಇರುತ್ತವೆ. ಕೂದಲು ಉದುರದಿದ್ದ ಮಾತ್ರಕ್ಕೆ ಅವು ಮಾಯವಾಗುವುದಿಲ್ಲ.

ವಿರೋಧ: ಉಳಿದ ಮರಿಗಳ ಲೆಕ್ಕ ಎಲ್ಲಿ?

ಹಾಳೆ, ಕರಾರು, ಮಿತಿ ಎಲ್ಲ ಸರಿ. ಆದರೆ ಹೆಸರೊಂದು ಹೊರಬಿದ್ದ ಮೇಲೆ ಅದು ಯಾರ ಕರಾರಿಗೂ ಬಗ್ಗುವುದಿಲ್ಲ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಅವರ ಮುಂದೆ ಸ್ಪಷ್ಟ ಕಾರಣವಿತ್ತು: ಹವಾಯಿಯ ಒಬ್ಬ ಅಂಧ ಮಹಿಳೆಗೆ ನಾಯಿ ಬೇಕು, ಗಂಡನಿಗೆ ಅಲರ್ಜಿ. ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಮೂರು ಮರಿ ಹುಟ್ಟಿದವು, ಒಂದು ಒಗ್ಗಿತು. ಉಳಿದೆರಡನ್ನು ಮಿಶ್ರತಳಿ ಎಂದಾಗ ಯಾರೂ ಮೂಸಿ ನೋಡಲಿಲ್ಲ. ಲ್ಯಾಬ್ರಡೂಡಲ್ ಎಂದದ್ದೇ ತಡ, ಜನ ಮುಗಿಬಿದ್ದರು. ಪರೀಕ್ಷೆಯ ಗೊಡವೆಯಿಲ್ಲದೆ ಎಲ್ಲೆಡೆ ಮರಿ ಹುಟ್ಟಿಸುವವರೂ ಹುಟ್ಟಿಕೊಂಡರು. ಇದನ್ನು ಮಾಡಬಾರದಿತ್ತು ಎಂದು ಕಾನ್ರನ್ ತಾವೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಮಿಶ್ರತಳಿ ಎಂದರೆ ಆರೋಗ್ಯ ಗಟ್ಟಿ ಎಂಬ ನಂಬಿಕೆಯೂ ಇಲ್ಲಿ ಅರ್ಧ ಸತ್ಯವೇ. ಕ್ರಮೇಣ ಕುರುಡು ತರುವ ಕಣ್ಣಿನ ಪರದೆಯ ಒಂದೇ ದೋಷ ಲ್ಯಾಬ್ರಡಾರ್‌ನಲ್ಲೂ ಇದೆ, ಪೂಡಲ್‌ನಲ್ಲೂ ಇದೆ. ಎರಡನ್ನೂ ಕೂಡಿಸಿದರೆ ಅದು ಕರಗುವುದಿಲ್ಲ.

ಪರ ವಾದ ಹೇಳದೆ ಬಿಟ್ಟ ಗಣಿತ ಒಂದಿದೆ. ಮೊದಲ ತಲೆಮಾರು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಬ್ರೀಡರ್ ಹಿಗ್ಗುತ್ತಾನೆ. ಆ ಮರಿಗಳನ್ನೇ ಒಂದಕ್ಕೊಂದು ಕೂಡಿಸಿದಾಗ ಎಲ್ಲ ಚೆದುರಿಹೋಗುತ್ತದೆ. ಬೇಕಾದ ಗುಣಗಳು ಮೂರೇ, ಮೂರೂ ಅಡಗಿ ಬರುವ, ಅಂದರೆ ತಾಯಿ ತಂದೆ ಇಬ್ಬರಿಂದಲೂ ಬಂದರಷ್ಟೇ ಕಾಣಿಸುವ ಜೀನ್‌ಗಳು ಎಂದುಕೊಳ್ಳಿ. ಒಂದು ಗುಣ ಪೂರ್ತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೂರೂ ಒಂದೇ ಮರಿಯಲ್ಲಿ ಕೂಡಿಬರುವುದು 64ರಲ್ಲಿ ಒಂದು. ಸೂಲಿಗೆ ಎಂಟು ಮರಿಯಂತೆ ಎಂಟು ಸೂಲು, ಒಂದು ಮರಿ ಆಯ್ಕೆ. ಉಳಿದ 63 ಎಲ್ಲಿಗೆ? ವಾಪಸಾತಿ ಷರತ್ತು ಬರೆದವರ ಅಂಗಳದಲ್ಲಿ ಅಷ್ಟು ಜಾಗವಿದೆಯೇ?

ರೋಗವೂ ಮೆಲ್ಲಗೆ ಬರುತ್ತದೆ. ಮೂಲದ ಗಂಡೊಂದು ಕೆಟ್ಟ ಜೀನಿನ ಒಂದು ಪ್ರತಿಯನ್ನು ಹೊತ್ತಿದ್ದರೆ ಅದರ ಮೈಯಲ್ಲಿ ಏನೂ ಕಾಣುವುದಿಲ್ಲ. ಮರಿಗಳಲ್ಲಿ ಅರ್ಧ ಅದನ್ನು ಹೊರುತ್ತವೆ. ಬೇರೆ ತಾಯಂದಿರಿಗೆ ಹುಟ್ಟಿದ ಅದರ ಮಕ್ಕಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಸರಾಸರಿ 16ರಲ್ಲಿ ಒಂದು ಮರಿಗೆ ಕಾಯಿಲೆ. ಎರಡು ಸೂಲಿಗೆ ಒಂದು ಮರಿ ಸತ್ತರೆ ಯಾರು ಅನುಮಾನಿಸುತ್ತಾರೆ? ಅಷ್ಟರಲ್ಲಿ ಆ ಗಂಡು ಅರ್ಧ ತಳಿಗೆ ಅಜ್ಜನಾಗಿರುತ್ತದೆ. ಇನ್ನು ಡಿಎನ್‌ಎ ಪರೀಕ್ಷೆ ಹುಡುಕುವುದು ಈಗಾಗಲೇ ಪತ್ತೆಯಾದ ದೋಷಗಳನ್ನು ಮಾತ್ರ. ಅಮೆರಿಕದಲ್ಲಿ ಕಟ್ಟಿದ ಸಿಲ್ಕನ್ ವಿಂಡ್‌ಹೌಂಡ್ ನೋಡಲು ಬೇಟೆನಾಯಿ. ಆದರೆ ಐವರ್‌ಮೆಕ್ಟಿನ್‌ನಂಥ ಹುಳುವಿನ ಔಷಧಿ ಪ್ರಮಾಣ ಹೆಚ್ಚಾದರೆ ಮಿದುಳಿಗೆ ಏರುವಂತೆ ಮಾಡುವ, ಕಾಲಿ ಎಂಬ ತಳಿಯ ಬಳಗದ ಕುರಿ ಕಾಯುವ ನಾಯಿಗಳ ಎಂಡಿಆರ್1 ಜೀನಿನ ದೋಷ ಅದರಲ್ಲೂ ಸಿಕ್ಕಿತು.

ಹೊಸ ರಕ್ತವೇ ಬೇಕೆಂದರೆ ಹಳೆಯ ತಳಿಗೆ ಕೊಡಿ. ಡಾಲ್ಮೇಷಿಯನ್ ತಳಿಯಲ್ಲಿ ಯೂರಿಕ್ ಆಮ್ಲ ಹೆಚ್ಚಿಸುವ ಜೀನ್ ಪೂರ್ತಿ ನೆಲೆಯೂರಿತ್ತು. ಗಂಡುನಾಯಿಗಳಿಗೆ ಮೂತ್ರನಾಳದಲ್ಲಿ ಕಲ್ಲು ಅಡ್ಡ ಸಿಕ್ಕಿ ಉಚ್ಚೆ ಕಟ್ಟುತ್ತಿತ್ತು. ಇಡೀ ತಳಿಯಲ್ಲಿ ಸರಿಯಾದ ಪ್ರತಿಯೇ ಇಲ್ಲದ ಮೇಲೆ ಆರಿಸುವುದು ಯಾವುದನ್ನು? 1973ರಲ್ಲಿ ತಳಿವಿಜ್ಞಾನಿ ರಾಬರ್ಟ್ ಶೈಬ್ಲ್ ಒಂದೇ ಒಂದು ಸಲ ಪಾಯಿಂಟರ್ ಎಂಬ ತಳಿಯ ರಕ್ತ ಸೇರಿಸಿದರು. ಆಮೇಲೆ ಪ್ರತಿ ತಲೆಮಾರಿನಲ್ಲೂ ಸರಿಯಾದ ಜೀನಿರುವ ಮರಿಯನ್ನು ಆರಿಸಿ ಡಾಲ್ಮೇಷಿಯನ್‌ಗೇ ಕೂಡಿಸುವ ದಾರಿ. ಹೀಗೆ ಐದು ಸಲ ಮಾಡಿದರೆ ಪಾಯಿಂಟರ್ ಪಾಲು 64ರಲ್ಲಿ ಒಂದಕ್ಕೆ ಇಳಿಯುತ್ತದೆ, ಚುಕ್ಕೆ ಹಾಗೇ ಉಳಿಯುತ್ತವೆ, ಕಲ್ಲು ಹೋಗುತ್ತದೆ. ಅಮೆರಿಕನ್ ಕೆನೆಲ್ ಕ್ಲಬ್ 1981ರಲ್ಲಿ ಎರಡು ನಾಯಿಗಳನ್ನು ದಾಖಲಿಸಿ, ತಳಿಯ ಸಂಘ ತಕರಾರು ತೆಗೆದ ಮೇಲೆ ನಿಲ್ಲಿಸಿತು. ಮತ್ತೆ ಒಪ್ಪಿದ್ದು 2011ರಲ್ಲಿ. ಬೆರಳೆಣಿಕೆಯ ನಾಯಿಗಳಿಂದ ಮತ್ತೆ ಬೆಳೆದು ಬಂದ ನಾರ್ವೆಯ ಆರು ಬೆರಳಿನ ಲುಂಡೆಹುಂಡ್ ತಳಿಗೂ ಈಗ ಬುಹುಂಡ್ ಎಂಬ ಬೇರೆ ತಳಿಯ ರಕ್ತ ಸೇರಿಸುವ ಪ್ರಯತ್ನ ನಡೆದಿದೆ. ತಳಿ ಕಟ್ಟಲು ಕೈ ತುರಿಸುತ್ತಿರುವವರಿಗೆ ಅಲ್ಲಿ ಇಪ್ಪತ್ತು ವರ್ಷಕ್ಕಾಗುವಷ್ಟು ಕೆಲಸವಿದೆ.