ಲಂಡನ್ನಿನಲ್ಲೊಂದು ಅಕ್ರಮ-ಸಕ್ರಮ

ಏಪ್ರಿಲ್ 14 ಬಂತೆಂದರೆ ಆ ಫೋಟೋ ಮೊಬೈಲಿಗೆ ಬಂದೇ ಬರುತ್ತದೆ. ಲಂಡನ್ನಿನ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಇಟ್ಟಿಗೆ ಮನೆ. 1921-22ರಲ್ಲಿ ಅಂಬೇಡ್ಕರ್ ಅಲ್ಲಿದ್ದರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ 30 ಲಕ್ಷ ಪೌಂಡಿಗೂ ಜಾಸ್ತಿ ಕೊಟ್ಟು ಅದನ್ನು ಕೊಂಡಿತು. ನವೆಂಬರ್ 14ರಂದು ಪ್ರಧಾನಿಗಳೇ ಹೋಗಿ ಸ್ಮಾರಕ ಉದ್ಘಾಟಿಸಿದರು. ಅದೇ ದಿನ ಥೇಮ್ಸ್ ದಂಡೆಯಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯೂ ಅನಾವರಣಗೊಂಡಿತು. ಸ್ಥಾವರಕ್ಕೆ ಅಳಿವುಂಟು ಎಂದವರಿಗೂ ಒಂದು ಸ್ಥಾವರ. ಇರಲಿ ಬಿಡಿ.

ಎಲ್ಲಾ ಆಯಿತು, ಒಂದು ಸಣ್ಣ ಕೆಲಸ ಮರೆತುಹೋಗಿತ್ತು. ಪರ್ಮಿಷನ್! ವಾಸದ ಮನೆಯನ್ನು ಮ್ಯೂಸಿಯಂ ಮಾಡಬೇಕಾದರೆ ಅಲ್ಲಿನ ಕೌನ್ಸಿಲ್ಲನ್ನು, ಅಂದರೆ ನಮ್ಮ ನಗರಸಭೆಯಂಥದ್ದನ್ನು, ಕೇಳಬೇಕು. ನಮ್ಮವರು ಮೊದಲು ಟೇಪು ಕತ್ತರಿಸಿ ಆಮೇಲೆ ಅರ್ಜಿ ಹಾಕಿದರು. ತಪ್ಪೇನಿಲ್ಲ. ಥರ್ಟಿ-ಫಾರ್ಟಿ ಸೈಟಿನವನಿಂದ ಸರ್ಕಾರದವರೆಗೆ ನಮ್ಮೆಲ್ಲರ ಧರ್ಮ ಒಂದೇ: ಮೊದಲು ಕಟ್ಟು, ಆಮೇಲೆ ದಂಡ ಕಟ್ಟು.

ಪಾಪ, ಕ್ಯಾಮ್ಡನ್ ಕೌನ್ಸಿಲ್‌ನವರಿಗೆ ಈ ಸಂಪ್ರದಾಯ ಗೊತ್ತಿರಲಿಲ್ಲ. ವಾಸದ ಮನೆ ಕಡಿಮೆಯಾಗುತ್ತದೆ ಎಂದು 2018ರಲ್ಲಿ ಅರ್ಜಿ ತಿರಸ್ಕರಿಸಿದರು. ನೆರೆಯ ಇಬ್ಬರದು ಬೇರೆ ತಕರಾರು. ಬಸ್ಸುಗಟ್ಟಲೆ ಜನ ಬರುತ್ತಾರಂತೆ, ಫೋಟೋ ಹೊಡೆಯುತ್ತಾರಂತೆ, ಗಲಾಟೆಯಂತೆ. ಅದೇ ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ಷರ್ಲಾಕ್ ಹೋಮ್ಸ್ ಮ್ಯೂಸಿಯಂ ಇದೆ. ಹುಟ್ಟೇ ಇರದ ಪತ್ತೇದಾರನ ಮನೆ. 237 ಮತ್ತು 241ರ ನಡುವೆ ನಿಂತುಕೊಂಡು 221ಬಿ ಅಂತ ಬೋರ್ಡು ಹಾಕಿಕೊಂಡಿದೆ. ಜನ ಕ್ಯೂ ನಿಂತು, ದುಡ್ಡು ಕೊಟ್ಟು ನೋಡಿ ಬರುತ್ತಾರೆ. ನಿಜವಾಗಿ ಬದುಕಿದ್ದವರ ಮನೆಗೇ ಇಷ್ಟು ರಗಳೆ, ಅಲ್ವಾ?

ಕೊನೆಗೆ ವಿಚಾರಣೆಯೆಲ್ಲ ನಡೆದು, 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸಚಿವ ರಾಬರ್ಟ್ ಜೆನ್ರಿಕ್ ಸಕ್ರಮ ಮಾಡಿಕೊಟ್ಟರು.

ಆ ಇಟ್ಟಿಗೆಗಳ ಬೆಲೆಯನ್ನು ಪೌಂಡಿನಲ್ಲಿ ಲೆಕ್ಕ ಹಾಕಿದವರು ಒಂದು ತಮಾಷೆ ಗಮನಿಸಿದಂತಿಲ್ಲ. ಲಂಡನ್ನಿನಲ್ಲಿ ಅಂಬೇಡ್ಕರ್ ಪ್ರಬಂಧ ಬರೆದದ್ದೇ ರೂಪಾಯಿಯ ಸಮಸ್ಯೆ ಬಗ್ಗೆ. ಜೇಬಿನಲ್ಲಿ ರೂಪಾಯಿಯೇ ಇಲ್ಲ ಎನ್ನುವುದು ಅವರ ಇನ್ನೊಂದು ಸಮಸ್ಯೆ. ಬೆಳಿಗ್ಗೆ ಚೂರು ಬ್ರೆಡ್ಡು, ಒಂದು ಕಪ್ ಬೋವ್ರಿಲ್ ಎಂಬ ಮಾಂಸದ ಸಾರು. ಆಮೇಲೆ ಬ್ರಿಟಿಷ್ ಮ್ಯೂಸಿಯಂ ಲೈಬ್ರರಿಯ ಬಾಗಿಲು ಹಾಕುವವರೆಗೂ ಓದು. ರಾತ್ರಿ ಹಸಿವು ತಡೆಯಲಾಗದಿದ್ದರೆ, ಪರಿಚಯದವರು ಕೊಟ್ಟ ಹಪ್ಪಳದಲ್ಲಿ ನಾಲ್ಕು ತೆಗೆದು ತಗಡಿನ ಮೇಲೆ ಸುಟ್ಟುಕೊಳ್ಳುವುದು.

ಆದರೂ ತಲೆ ಮೇಲೊಂದು ಸೂರು ಸಿಕ್ಕಿತ್ತು. ಅದಕ್ಕೆ ಮೊದಲು, ಅಮೆರಿಕದಲ್ಲಿ ಓದಿ ಬಂದು ಬರೋಡದಲ್ಲಿ ಕೆಲಸಕ್ಕೆ ಸೇರಿದಾಗ ಅದೂ ಸಿಕ್ಕಿರಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. 11ನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು, ಮಹಾರಾಜರ ಸಂಸ್ಥಾನದ ನೌಕರಿ. ಮಲಗಲು ಜಾಗವಿಲ್ಲ.

ನಾವೀಗ ಸುಧಾರಿಸಿದ್ದೇವೆ. ದೊಣ್ಣೆ ಬೇಕಾಗಿಲ್ಲ, ಗೇಟಿನ ಹತ್ತಿರವೇ ಕೆಲಸ ಮುಗಿಯುತ್ತದೆ.

"ಯಾವ ಕಡೆಯವರು?"

"ಮಂಡ್ಯದ ಕಡೆ ಸಾರ್."

"ಅದಲ್ಲಪ್ಪಾ, ನೀವು ಯಾವ ಜನ?"

ಉತ್ತರ ಕೇಳಿದ ಮೇಲೆ ಮನೆ ಮೊನ್ನೆಯೇ ಯಾರಿಗೋ ಹೋಗಿರುತ್ತದೆ. ಟು-ಲೆಟ್ ಬೋರ್ಡು ಮಾತ್ರ ಇನ್ನೂ ಮೂರು ತಿಂಗಳು ನೇತಾಡುತ್ತದೆ, ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಸಾಲಿನ ಸಮೇತ. ಏಪ್ರಿಲ್ 14ರಂದು ಅದೇ ಮಾಲೀಕರ ಸ್ಟೇಟಸ್ಸಿನಲ್ಲಿ ಲಂಡನ್ ಮನೆ!

ಮುಂಬೈ ದಾದರ್‌ನಲ್ಲಿ ಅಂಬೇಡ್ಕರ್ ತಾವೇ ಕಟ್ಟಿಸಿದ ಮನೆಯಿದೆ, ರಾಜಗೃಹ. ರಾಶಿ ಪುಸ್ತಕ ಇಡಲು ಜಾಗ ಬೇಕೆಂದು ಕಟ್ಟಿಸಿದ್ದು. ಲಂಡನ್ ಮನೆ ಸಕ್ರಮವಾದ ನಾಲ್ಕೇ ತಿಂಗಳಿಗೆ ಅಲ್ಲಿಗೆ ನುಗ್ಗಿ ಹೂಕುಂಡ ಒಡೆದರು, ಕಿಟಕಿ ಗಾಜಿಗೆ ಕಲ್ಲು ಹೊಡೆದರು. ಕಿಡಿಗೇಡಿಗಳ ಕೃತ್ಯ ಅಂದರು. ನಮ್ಮಲ್ಲಿ ಯಾವಾಗಲೂ ಕಿಡಿಗೇಡಿಗಳೇ. ಪ್ರತಿಮೆಗೆ ಮಸಿ ಬಳಿಯುವವರೂ ಅವರೇ, ಫ್ಲೆಕ್ಸ್ ಹರಿಯುವವರೂ ಅವರೇ. ಮಿಕ್ಕವರೆಲ್ಲ ಸಭ್ಯಸ್ಥರು, ಸುಮ್ನೆ ಗೇಟಿನ ಹತ್ತಿರ ಒಂದು ಪ್ರಶ್ನೆ ಕೇಳುತ್ತಾರೆ ಅಷ್ಟೇ.

ಸಾಕಾಗಿದೆ. ಲಂಡನ್ ಮನೆ ಕೊಂಡಿದ್ದು ಒಳ್ಳೆಯದೇ, ಉಳಿಯಲೇಬೇಕು. ಆದರೆ ಹಾಸ್ಟೆಲ್ ಬಿಟ್ಟು ಕೆಲಸಕ್ಕೆಂದು ಊರಿಗೆ ಬಂದ ಹುಡುಗನಿಗೆ, ಅಡ್ವಾನ್ಸ್ ಕೈಯಲ್ಲಿ ಹಿಡಿದು ನಿಂತವನಿಗೆ, ಒಂದು ರೂಮು ಕೊಡೋಕೆ ಜಾತಿ ಯಾಕ್ರೀ ಬೇಕು ನಿಮಗೆ?